ಡೆನ್ಮಾರ್ಕ್ ಸೋಫಾದ ಮೂರು ಪಟ್ಟಿ

ತಪ್ಪು ನನ್ನ ಬಾಯಿಯದು. ಬಿಡಬಾರದ ಕಡೆ ಬಾಯಿ ಬಿಟ್ಟೆ, ಬಿಡಬೇಕಾದ ಕಡೆ ಮುಚ್ಚಿಕೊಂಡೆ. ಇಪ್ಪತ್ತೊಂಬತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರ ತಂಟೆಗೂ ಹೋಗದೆ ಬದುಕಿದವಳಿಗೆ ಆ ವಾರ ಏನಾಗಿತ್ತೋ ಗೊತ್ತಿಲ್ಲ. ದಣಿವು ಎನ್ನಬಹುದು. ಈಚೆಗೆ ನಾನು ಎಲ್ಲವನ್ನೂ ದಣಿವಿನ ತಲೆಗೇ ಕಟ್ಟುತ್ತೇನೆ.

ನಮ್ಮದು ಸೋಫಾ ಮಾಡುವ ಕಾರ್ಖಾನೆ. ಕೆಳಗೆ ಮರಗೆಲಸ, ನಡುವಿನ ಮಹಡಿಯಲ್ಲಿ ಫೋಮು ಮತ್ತು ಹೊಲಿಗೆ, ಮೇಲೆ ಮಾದರಿ ಕೋಣೆ. ಅಲ್ಲಿ ಎಲ್ಲರಿಗೂ ನಾನು ಹೊಲಿಗೆಯಕ್ಕ, ಮಾಲೀಕರಿಗೂ ಅಷ್ಟೇ. ಸಂಜೆ ಮನೆಗೆ ಬಂದರೆ ತಲೆಗೂದಲಲ್ಲಿ ಫೋಮಿನ ಪುಡಿ, ಬೆರಳ ಸಂದಿಯಲ್ಲಿ ಅಂಟು. ದಿನಕ್ಕೆ ಎಂಟು ತಾಸು ಜನ ಕೂರುವ ವಸ್ತು ಹೊಲಿದು, ಮನೆಯಲ್ಲಿ ಕೂರಲು ಪುರುಸೊತ್ತಿಲ್ಲದವಳು ನಾನು.

ಈ ವರ್ಷದ ಮೊದಲಲ್ಲಿ ಮಾಲೀಕರು ಒಂದು ಹೊಸ ಕೆಲಸ ತಂದರು. ಹೊಸದು ಎಂದರೆ ಹಳೆಯದೇ. ಎಪ್ಪತ್ತು ವರ್ಷದ ಹಿಂದೆ ಡೆನ್ಮಾರ್ಕಿನ ಒಬ್ಬ ವಿನ್ಯಾಸದ ಮೇಷ್ಟ್ರು ಬಿಡಿಸಿದ ಸೋಫಾ. ತೆಳ್ಳನೆ ಮರದ ಕಾಲು, ಮುಚ್ಚದೆ ಬಿಟ್ಟ ಮರದ ಕೈ, ಬೆನ್ನಿಗೆ ಮೂರು ದಿಂಬು, ಅಷ್ಟೇ. ಅದನ್ನು ಮತ್ತೆ ಮಾಡುವ ಅನುಮತಿ ಪಡೆದು, ನಕ್ಷೆಗಳನ್ನು ಕೊಳವೆಯಲ್ಲಿ ಸುತ್ತಿ ತರಿಸಿದರು. ಆದರೆ ಇದ್ದದ್ದನ್ನು ಇದ್ದ ಹಾಗೇ ಮಾಡುವಂತಿಲ್ಲ. ಇಂದಿನ ಮನೆಗಳಿಗೆ ಒಗ್ಗಿಸಬೇಕು. ಸ್ವಲ್ಪ ತಗ್ಗು, ಸ್ವಲ್ಪ ಆಳ, ಕಾಲು ಮಡಚಿ ಮೊಬೈಲ್ ನೋಡುತ್ತಾ ಮಲಗಲು ಅನುಕೂಲ. ಅದನ್ನೆಲ್ಲ ನೋಡಿಕೊಳ್ಳಲು ಎರಡು ವರ್ಷದ ಹಿಂದೆ ಸೇರಿದ ವಿನ್ಯಾಸಗಾರ್ತಿ ಇದ್ದಳು. ಮೂವತ್ತರ ಹುಡುಗಿ, ಓರೆ ಎಷ್ಟು ಡಿಗ್ರಿ ಎಂದು ಅಳೆಯುವ ಪುಟ್ಟ ಯಂತ್ರವನ್ನು ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದಳು. ನಾವು ಅವಳಿಗೆ ಡಿಗ್ರಿ ಮೇಡಂ ಎಂದು ಹೆಸರಿಟ್ಟಿದ್ದೆವು. ಅವಳಿಗೂ ಅದು ಗೊತ್ತಿತ್ತು, ಬೇಸರ ಮಾಡಿಕೊಂಡಿರಲಿಲ್ಲ.

ಒಂದು ದಿನ ಚಹದ ಹೊತ್ತಿಗೆ ಅವಳು ನನ್ನ ಮಿಷನ್ನಿನ ಪಕ್ಕ ಬಂದು ನಿಂತು ಗೋಳಾಡಿದಳು. ನಕ್ಷೆಯಲ್ಲಿ ಎಲ್ಲ ಇದೆ, ಆದರೆ ಆ ಕಾಲದಲ್ಲೇ ಮಾಡಿದ ಇದೇ ಸೋಫಾದ ಮೇಲೆ ಕೂತು ನೋಡದೆ ಏನೂ ಹೊಳೆಯುತ್ತಿಲ್ಲ, ಎಲ್ಲಿಂದ ತರುವುದು ಎಂದಳು.

"ನಮ್ಮನೇಲಿ ಒಂದಿದೆ," ಎಂದೆ.

ಹೇಳಿದ ಮರುಗಳಿಗೆಯೇ ನಾಲಿಗೆ ಕಚ್ಚಿಕೊಂಡೆ. ಆದರೆ ಅವಳ ಮುಖ ಅರಳಿಬಿಟ್ಟಿತ್ತು, ಮಾತು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಆ ಸೋಫಾ ನಮ್ಮ ಮನೆಗೆ ಬಂದದ್ದು ನಮ್ಮವರ ದೆಸೆಯಿಂದ. ನಮ್ಮವರು ಇದೇ ಕಾರ್ಖಾನೆಯಲ್ಲಿ ಚೌಕಟ್ಟು ಕಟ್ಟುವ ಮೇಸ್ತ್ರಿಯಾಗಿದ್ದರು. ಡೆನ್ಮಾರ್ಕಿನಿಂದ ತರಿಸಿಕೊಂಡಿದ್ದ ಯಾರೋ ಗಿರಾಕಿ ಬಟ್ಟೆ ಬದಲಿಸಲು ಕೊಟ್ಟು, ಆಮೇಲೆ ಮನೆಯನ್ನೇ ಬದಲಿಸಿ, ಹೊಸ ಮನೆಯ ಬಾಗಿಲಲ್ಲಿ ಅದು ಹೋಗುವುದಿಲ್ಲವೆಂದು ಅಲ್ಲೇ ಬಿಟ್ಟರು. ಎರಡು ವರ್ಷ ಮೂಲೆಯಲ್ಲಿ ಬಿದ್ದಿದ್ದ ಮೇಲೆ ಈಗಿನ ಮಾಲೀಕರ ತಂದೆ, "ಮೇಸ್ತ್ರಿ, ಇದನ್ನ ನೀನೇ ಇಟ್ಕೊ," ಎಂದರು. ಆಗ ನಮ್ಮತ್ತೆ ನಮ್ಮ ಜೊತೆಗಿದ್ದರು. ಎಂಬತ್ತು ದಾಟಿತ್ತು, ಮಂಡಿ ಎರಡೂ ಹೋಗಿದ್ದವು. ಆ ಸೋಫಾದ ಆಸನ ಹಿಂದಕ್ಕೆ ವಾಲಿದೆ, ಕೂತರೆ ಹಾಯಾಗಿರುತ್ತದೆ, ಏಳುವಾಗ ಮಾತ್ರ ಕೆಳಗಿನಿಂದ ಯಾರೋ ಹಿಡಿದು ಎಳೆದಂತೆ. ನಮ್ಮತ್ತೆ ಕೂತರೆ ಕೂತಲ್ಲೇ.

ನಮ್ಮವರು ಟೇಪು ಹಿಡಿಯಲಿಲ್ಲ, ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಳ್ಳಲಿಲ್ಲ. ಅರ್ಧ ಬೆರಳು ದಪ್ಪದ ಮರದ ಪಟ್ಟಿಗಳನ್ನು ತಂದು, ಆಸನದ ಹಿಂಭಾಗ ಎತ್ತಿ, ಹಿಂದಿನ ಅಡ್ಡಮರದ ಮೇಲೆ ಒಂದು ಪಟ್ಟಿ ಇಟ್ಟು, "ಅಮ್ಮಾ, ಕೂತು ಏಳು," ಎಂದರು. ಆಗಲಿಲ್ಲ. ಎರಡನೆಯದು ಇಟ್ಟರು. ನಮ್ಮತ್ತೆ ಕೈ ಊರಿ ಎದ್ದರು. ಮೂರನೆಯದು ಇಟ್ಟ ಮೇಲೆ ನಮ್ಮತ್ತೆ ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಎದ್ದು ನಿಂತು, ಮಗನ ಮುಖ ನೋಡಿ ನಕ್ಕರು. "ಸಾಕು, ಇಲ್ಲಿಗೆ ನಿಲ್ಸು," ಎಂದರು. ನಮ್ಮವರ ಲೆಕ್ಕವೂ ಅದೇ. ಎದ್ದಾಗ ನಿಲ್ಲಿಸುವುದು. ಆಮೇಲೆ ಆ ಮೂರು ಪಟ್ಟಿಯ ಅಂಚು ಉಜ್ಜಿ, ಸೋಫಾದ ಮರದ ಬಣ್ಣವನ್ನೇ ಹಚ್ಚಿ, ಎದ್ದು ಕಾಣದ ಹಾಗೆ ಕೂರಿಸಿದರು. ಯಾರೂ ನೋಡದ ಜಾಗಕ್ಕೆ ಅಷ್ಟು ಪಾಲಿಶ್ ಯಾಕೆ ಎಂದು ನಾನು ಗದರಿದ್ದು ನೆನಪಿದೆ.

ನಮ್ಮತ್ತೆ ಹೋದರು, ಪಟ್ಟಿಗಳು ಉಳಿದವು. ಆರು ವರ್ಷದ ಹಿಂದೆ ನಮ್ಮವರಿಗೆ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ಕಾಲು. ನಡುಗುವ ಕೈ ಗರಗಸದ ಮುಂದೆ ನಿಲ್ಲುವಂತಿಲ್ಲ. ಮನೆಗೆ ಬಂದರು. ಈಗ ಅರವತ್ತನಾಲ್ಕು. ಮಂಚದಿಂದ ಎಬ್ಬಿಸಬೇಕು, ಕುರ್ಚಿಯಿಂದ ಎಬ್ಬಿಸಬೇಕು, ಆದರೆ ಆ ಸೋಫಾದಿಂದ ಮಾತ್ರ ತಾವಾಗಿ ಏಳುತ್ತಿದ್ದರು. ಬೆಳಿಗ್ಗೆ ನಾನು ಅವರನ್ನು ಅದರ ಮೇಲೆ ಕೂರಿಸಿ ಕೆಲಸಕ್ಕೆ ಹೋದರೆ, ಮಧ್ಯಾಹ್ನ ಎದ್ದು ಬಚ್ಚಲಿಗೆ ಹೋಗುತ್ತಿದ್ದರು, ಮುಚ್ಚಿಟ್ಟ ತಟ್ಟೆ ತೆಗೆದು ಊಟ ಮಾಡುತ್ತಿದ್ದರು, ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು.

ಬೇರೆ ಊರಿನಲ್ಲಿ ದಾದಿಯಾಗಿರುವ ಮಗಳು ಅವರಿಗಾಗಿ ಒಂದು ಆರೈಕೆ ಮನೆ ನೋಡಿಟ್ಟಿದ್ದಳು. ಅವಳು ಕೆಟ್ಟವಳಲ್ಲ. ದಿನವೂ ಇಂಥವರನ್ನು ನೋಡುವವಳು, ನನ್ನ ಸೊಂಟನೋವನ್ನೂ ನೋಡಿದ್ದಳು. ನಾವು ಮೂವರೂ ಕೂತು ಒಂದು ಮಾತಿಗೆ ಬಂದಿದ್ದೆವು. "ಅಪ್ಪ ತಾನಾಗಿ ಎದ್ದು ಓಡಾಡೋವರೆಗೂ ಮನೇಲೇ ಇರ್ಲಿ ಅಮ್ಮ. ಆಗದೇ ಇದ್ದ ದಿನ ನೀನು ಹಟ ಮಾಡ್ಬಾರ್ದು," ಎಂದಿದ್ದಳು. ನಾನು ಒಪ್ಪಿದ್ದೆ. ನಮ್ಮವರು ಒಪ್ಪಿದ್ದರೋ ಇಲ್ಲವೋ, ತಲೆ ಅಲ್ಲಾಡುತ್ತಿತ್ತು, ಆ ಕಾಯಿಲೆಯಲ್ಲಿ ಅದು ಹೇಗೂ ಅಲ್ಲಾಡುತ್ತದೆ.

ಅಂಥ ಸೋಫಾವನ್ನು ನಾನು ಕೊಟ್ಟು ಕಳಿಸಿದೆ. ಹತ್ತು ದಿನ, ಬರೀ ಕೂತು ಅಳೆಯುತ್ತೇವೆ, ಒಂದು ಮೊಳೆಯನ್ನೂ ಮುಟ್ಟುವುದಿಲ್ಲ ಎಂದು ಡಿಗ್ರಿ ಮೇಡಂ ಮಾತು ಕೊಟ್ಟಳು. ನಮ್ಮವರೂ, "ಕೊಡು, ಕಾರ್ಖಾನೆ ಕೆಲ್ಸ ಅಲ್ವಾ," ಎಂದರು. ಕಾರ್ಖಾನೆ ಎಂದರೆ ಅವರಿಗೆ ಇನ್ನೂ ಕರುಳು ಚುರುಕ್ ಎನ್ನುತ್ತದೆ. ಪಕ್ಕದ ಮನೆಯಾಕೆ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಬಂದು ಕುರ್ಚಿಯಿಂದ ಎಬ್ಬಿಸಿ ಹೋಗುವುದೆಂದಾಯಿತು. ಹತ್ತು ದಿನ ತಾನೇ ಎಂದುಕೊಂಡೆ.

ಸೋಮವಾರ ಸೋಫಾ ಮಾದರಿ ಕೋಣೆಗೆ ಹೋಯಿತು. ಮಂಗಳವಾರ ಡಿಗ್ರಿ ಮೇಡಂ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದು ನನ್ನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡು ಹೋದಳು.

"ಅಕ್ಕಾ, ನಿಮ್ಮನೇಲಿ ಏನಿಟ್ಕೊಂಡಿದೀರ ಗೊತ್ತಾ ನಿಮಗೆ? ನಕ್ಷೆಯಲ್ಲಿ ಆಸನ ಹಿಂದಕ್ಕೆ ವಾಲಿದೆ. ಇದ್ರಲ್ಲಿ ಹೆಚ್ಚುಕಡಿಮೆ ಮಟ್ಟವಾಗಿದೆ. ಇಲ್ಲಿ ನೋಡಿ, ಮೂರು ಪಟ್ಟಿ. ಎಷ್ಟು ಚೆನ್ನಾಗಿ ಕೂರ್ಸಿದಾರೆ ನೋಡಿ. ಕಾಣದ ಜಾಗಕ್ಕೂ ಪಾಲಿಶ್. ಇಂಥ ಕೈ ಈಗ ಎಲ್ಲಿದೆ ಅಕ್ಕಾ? ಇದು ಆ ಮೇಷ್ಟ್ರೇ ಆಮೇಲೆ ತಿದ್ದಿರೋದು. ಯಾವ ಪುಸ್ತಕದಲ್ಲೂ ಇಲ್ಲ ಇದು."

ಅವಳು ಬಗ್ಗಿ ಆ ಪಟ್ಟಿಗಳ ಮೇಲೆ ಬೆರಳು ಆಡಿಸಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಇದು ನಮ್ಮವರ ಕೈ ಎಂದು ಹೇಳಬೇಕಿತ್ತು, ಅದಕ್ಕೆ ಒಂದು ಉಸಿರೂ ಬೇಕಿರಲಿಲ್ಲ. ಆದರೆ ಆರು ವರ್ಷದಲ್ಲಿ ನಮ್ಮವರ ಕೈಯ ಬಗ್ಗೆ ಯಾರೂ ಹಾಗೆ ಮಾತಾಡಿರಲಿಲ್ಲ. ಡಾಕ್ಟರು ಮಾತಾಡುತ್ತಾರೆ, ಮಗಳು ಮಾತಾಡುತ್ತಾಳೆ, ಚಮಚ ಹಿಡಿಯಲು ಆಗುತ್ತದೆಯೋ ಇಲ್ಲವೋ ಎಂದು. ನನಗೆ ಆ ಮಾತು ಇನ್ನಷ್ಟು ಕೇಳಬೇಕೆನಿಸಿತು. ಹೇಳಿದರೆ ಅವಳು, "ಓ, ರಿಪೇರಿನಾ?" ಎಂದು ಮುಗಿಸಿಬಿಡುತ್ತಾಳೆ ಎಂಬ ಹೆದರಿಕೆಯೂ ಇತ್ತು. ಹಾಗಾಗಿ ಸುಮ್ಮನೆ, "ಚೆನ್ನಾಗಿದೆ ಅಲ್ವಾ ಮೇಡಂ?" ಎಂದೆ.

ಬುಧವಾರ ಅವಳು ಮಾಲೀಕರನ್ನು ಕರೆದು ತೋರಿಸಿದಳು. ಮಾಲೀಕರು ಕೂತು ಎದ್ದು, ಕೂತು ಎದ್ದು, "ಅಬ್ಬ, ಆ ಡೆನ್ಮಾರ್ಕಿನವರ ತಲೆಯೇ ತಲೆ," ಎಂದರು. ಗುರುವಾರ ಚಹದ ಹೊತ್ತಿಗೆ ಕೆಳಗೆ ಮರ ಕತ್ತರಿಸುವ ಗರಗಸದ ಅಣ್ಣನೂ ಅದೇ ಮಾತಾಡಿದ. ಅವನು ನಮ್ಮವರ ಕೈಕೆಳಗೆ ಕೆಲಸ ಕಲಿತವನು, ಆದರೂ ಗುರುತು ಹಿಡಿಯಲಿಲ್ಲ. ನಾನು ಹೊಲಿಯುತ್ತಾ ಒಳಗೊಳಗೇ ನಗುತ್ತಿದ್ದೆ. ಆ ಮೂರು ದಿನ ಸಂಜೆ ಮನೆಗೆ ಹೋಗುವಾಗ ಸೊಂಟ ನೋಯಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಸೋಫಾ ವಾಪಸ್ಸು ಬಂದ ದಿನ, ಅವರನ್ನು ಅದರ ಮೇಲೆ ಕೂರಿಸಿ, ಒಂದೊಂದಾಗಿ ಹೇಳಬೇಕೆಂದು ಎತ್ತಿಟ್ಟುಕೊಂಡಿದ್ದೆ.

ಶುಕ್ರವಾರ ರಜೆ ಹಾಕಿ ನಮ್ಮವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಡೀ ದಿನ ಅಲ್ಲೇ ಕಳೆಯಿತು. ಶನಿವಾರ ಹೋದಾಗ ಮಾದರಿ ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು, ಕೆಲಸ ನಡೆಯುತ್ತಿತ್ತು. ಮುಂದಿನ ಮಂಗಳವಾರ ನನಗೆ ಕಡು ಹಸಿರು ಉಣ್ಣೆ ಬಟ್ಟೆ ಕೊಟ್ಟು, ಈ ಅಳತೆಗೆ ಅರ್ಜೆಂಟು ಹೊಲಿದುಕೊಡಬೇಕು ಎಂದರು. ಯಾರಿಗೆ ಎಂದು ಕೇಳಿದೆ. "ನಾಳೆ ಗೊತ್ತಾಗತ್ತೆ," ಎಂದು ಡಿಗ್ರಿ ಮೇಡಂ ಬಾಯಿಯ ಮೇಲೆ ಬೆರಳಿಟ್ಟಳು. ಇವಳ ಆಟ ಯಾರಿಗೆ ಬೇಕು ಎಂದು ಬೈದುಕೊಂಡು ಹೊಲಿದೆ. ಹೊಲಿಗೆ ಮಾತ್ರ ಚೆನ್ನಾಗಿ ಬಂತು.

ಬುಧವಾರ ಸಂಜೆ ಇಬ್ಬರು ಆಳುಗಳು ಸೋಫಾ ಹೊತ್ತು ತಂದು ಮನೆಯಲ್ಲಿಟ್ಟರು. ಮೇಲೆ ನಾನೇ ಹೊಲಿದ ಹಸಿರು ಬಟ್ಟೆ. ಒಳಗೆ ಹೊಸ ಫೋಮು, ಅದನ್ನು ಹೊರುವ ಹೊಸ ಬೆಲ್ಟು, ಮರಕ್ಕೆ ಹೊಸ ಎಣ್ಣೆ. ಜೊತೆಗೊಂದು ಕಾರ್ಡು. "ಹೊಲಿಗೆಯಕ್ಕನಿಗೆ ಕಾರ್ಖಾನೆಯ ಉಡುಗೊರೆ. ಮೂಲ ನಕ್ಷೆಯಲ್ಲಿದ್ದ ಹಾಗೇ ಸರಿಮಾಡಿದ್ದೇವೆ."

ನಮ್ಮವರನ್ನು ಅದರ ಮೇಲೆ ಕೂರಿಸಿದೆ. "ಮೆತ್ತಗಿದೆ," ಎಂದರು. ಬಟ್ಟೆ ಸವರಿ, "ಹೊಲಿಗೆ ನಿಂದೇ," ಎಂದರು. ಆಮೇಲೆ ಏಳಲು ಹೋದರು. ಮುಂದಕ್ಕೆ ಬಾಗಿದರು, ಅರ್ಧ ಎದ್ದರು, ಹಿಂದಕ್ಕೆ ಬಿದ್ದರು. ಮತ್ತೆ ಬಾಗಿದರು, ಮತ್ತೆ ಬಿದ್ದರು. ಮೂರನೆಯ ಸಲ ಪ್ರಯತ್ನ ಮಾಡಲಿಲ್ಲ. ನಡುಗುವ ಬಲಗೈಯನ್ನು ಬೆನ್ನ ಹಿಂದೆ ತೂರಿಸಿ, ಆಸನಕ್ಕೂ ಅಡ್ಡಮರಕ್ಕೂ ನಡುವೆ ತಡಕಾಡಿದರು. ಚೌಕಟ್ಟಿನ ಮೇಸ್ತ್ರಿಗೆ ಯಾರೂ ಏನೂ ಹೇಳಬೇಕಿರಲಿಲ್ಲ.

"ಪಟ್ಟಿ ಇಲ್ಲ," ಎಂದರು.

"ಇಲ್ವಾ?"

"ಯಾರು ತೆಗೆದ್ರು?"

"ಕೇಳ್ತೀನಿ," ಎಂದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದುಹೋಗಿತ್ತು. ಅವರನ್ನು ಎಬ್ಬಿಸಿ ಮಂಚಕ್ಕೆ ಕರೆದುಕೊಂಡು ಹೋದೆ. ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. ಭಾನುವಾರ ಬರುತ್ತಾಳಂತೆ. ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ, ಸುಮ್ಮನೆ ಅಪ್ಪನನ್ನು ನೋಡಿಕೊಂಡು ಹೋಗುತ್ತೇನೆ, ಒತ್ತಾಯ ಏನಿಲ್ಲ ಎಂದಳು. ಅವಳು ಒತ್ತಾಯ ಇಲ್ಲ ಎಂದಾಗಲೇ ನನಗೆ ಹೆಚ್ಚು ಭಯ.

ಮರುದಿನ ಚೀಲವನ್ನೂ ಕೆಳಗಿಡದೆ ನೇರ ಮಾದರಿ ಕೋಣೆಗೆ ಹತ್ತಿದೆ. ಡಿಗ್ರಿ ಮೇಡಂ ನಗುತ್ತಾ ಎದ್ದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಆ ಪಟ್ಟಿಗಳು ಎಲ್ಲಿ ಮೇಡಂ?"

"ಯಾವ್ದು? ಓ, ಅದಾ. ನಾವು ಎಂಥ ಪೆದ್ದರಾದ್ವಿ ಕೇಳಿ ಅಕ್ಕಾ. ಹೋದ ವಾರ ಮಂಗಳವಾರವೇ ಫೋಟೋ ತೆಗೆದು ಡೆನ್ಮಾರ್ಕಿಗೆ ಬರೆದಿದ್ದೆ. ಶುಕ್ರವಾರ ಉತ್ತರ ಬಂತು. ನಮ್ಮ ಯಾವ ಸೋಫಾದಲ್ಲೂ ಹೀಗೆ ಇಲ್ಲ, ಆಮೇಲೆ ಯಾರೋ ರಿಪೇರಿಯವನು ಸೇರಿಸಿರೋದು ಅಂತ. ಮಾಲೀಕರು ಅರ್ಧ ಗಂಟೆ ನಕ್ರು. ಮೊಳೆ ಮುಟ್ಟಲ್ಲ ಅಂದಿದ್ದೆ, ಆದ್ರೂ ಉಡುಗೊರೆ ಅಂತ ತೆಗೆದು ಸರಿ ಮಾಡಿದ್ವಿ. ನಿಮಗೆ ಖುಷಿಯಾಗತ್ತೆ ಅಂತ."

"ಆ ರಿಪೇರಿಯವನು ನನ್ನ ಗಂಡ," ಎಂದೆ.

ಆಮೇಲೆ ಎಲ್ಲ ಹೇಳಿದೆ. ನಮ್ಮತ್ತೆಯ ಮಂಡಿ, ನಮ್ಮವರ ಕೈ, ಮಗಳ ಮಾತು, ಭಾನುವಾರ. ನನ್ನ ದನಿ ಏರಿತ್ತು, ಕೆಳಗೆ ಮಿಷನ್ನುಗಳು ಒಂದೊಂದಾಗಿ ನಿಂತದ್ದು ಕೇಳಿಸಿತು. ಅವಳು ಕೂತುಬಿಟ್ಟಳು. ಹೊಸ ಮಾದರಿಯ ಮೇಲೆಯೇ ಕೂತಳು, ಇಂದಿನ ಮನೆಗೆಂದು ಇನ್ನೂ ನಾಲ್ಕು ಬೆರಳು ತಗ್ಗಿಸಿದ ಸೋಫಾ, ಮೊಣಕಾಲು ಗಲ್ಲಕ್ಕೆ ಬಂದಿತ್ತು.

"ಮೂರು ದಿನ ನಿಮ್ಮ ಮುಂದೇನೇ ಹೊಗಳಿದ್ನಲ್ಲ ಅಕ್ಕಾ," ಎಂದಳು. "ನೀವು ಒಂದು ಮಾತು ಹೇಳ್ಬೇಕಿತ್ತು. ಹೇಳಿದ್ರೆ ನಾನು ಮುಟ್ತಾನೇ ಇರ್ಲಿಲ್ಲ."

ರಾತ್ರಿಯಿಡೀ ನಾನೇ ನನಗೆ ಹೇಳಿಕೊಂಡ ಮಾತು ಅದು. ಅವಳ ಬಾಯಲ್ಲಿ ಕೇಳಿದಾಗ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಪಟ್ಟಿಗಳು ಶುಕ್ರವಾರವೇ ಚೂರುಮರದ ರಾಶಿಗೆ ಹೋಗಿ, ಸೋಮವಾರ ಒಲೆಗೆ ಹೋಗಿದ್ದವು. ಅವಳು ಅಳುಮುಖ ಮಾಡಿಕೊಂಡು ಎಷ್ಟು ದಪ್ಪ ಇತ್ತು ಎಂದು ತನ್ನ ಪುಸ್ತಕ ತೆಗೆದು ತೋರಿಸಿದಳು. ಎಲ್ಲ ಬರೆದಿಟ್ಟಿದ್ದಳು, ಮಿಲಿಮೀಟರಿನ ಲೆಕ್ಕದಲ್ಲಿ. ಪಕ್ಕದಲ್ಲಿ ಪಟ್ಟಿಯ ಚಿತ್ರವನ್ನೂ ಬಿಡಿಸಿದ್ದಳು.

"ಮನೆ ಹೊಸದಾಗಬಹುದು ಮೇಡಂ, ಮಂಡಿ ಹೊಸದಾಗಲ್ಲ," ಎಂದು ಆ ತಗ್ಗು ಸೋಫಾ ತೋರಿಸಿ ಹೇಳಿ ಇಳಿದು ಬಂದೆ. ಯಾರ ಮೇಲಾದರೂ ಸಿಟ್ಟು ತೀರಿಸಬೇಕಿತ್ತು, ಆ ಸೋಫಾ ಎದುರಿಗಿತ್ತು.

ಮಧ್ಯಾಹ್ನ ಗರಗಸದ ಅಣ್ಣನ ಹತ್ತಿರ ಹೋದೆ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮೇಸ್ತ್ರಿಯ ಕೈ ಗುರುತು ಹಿಡಿಯದೆ ಹೋದೆನಲ್ಲ ಎಂದು ತಲೆ ತಗ್ಗಿಸಿ ನಿಂತ. ಅದೇ ದಪ್ಪ, ಅದೇ ಉದ್ದ, ಅದೇ ಮರ ಎಂದೆ. ಎಷ್ಟು ಬೇಕು ಎಂದು ಕೇಳಿದ. ಹೇಳಿದೆ. ಒಂದು ಗಳಿಗೆ ನನ್ನ ಮುಖ ನೋಡಿ, ಕತ್ತರಿಸಲು ಶುರುಮಾಡಿದ. ಡಿಗ್ರಿ ಮೇಡಂ ಕೆಳಗಿಳಿದು ಬಂದು, ಅವನು ಕತ್ತರಿಸಿದ ಒಂದೊಂದನ್ನೂ ತೆಗೆದುಕೊಂಡು ಅಂಚು ಉಜ್ಜಿದಳು. ನಾನು ಬೇಡ ಎನ್ನಲಿಲ್ಲ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಭಾರವಿತ್ತು.

ಶುಕ್ರವಾರ, ಶನಿವಾರ ಆ ಚೀಲ ಬಾಗಿಲ ಹಿಂದೆಯೇ ಇತ್ತು. ದುಡಿದು ಬಂದ ಸಂಜೆಗೆ ಸ್ಕ್ರೂ ಬಿಚ್ಚುವ ತ್ರಾಣ ಇರಲಿಲ್ಲ ಎಂದು ಹೇಳಿಕೊಂಡೆ. ನಿಜವೆಂದರೆ, ಪಟ್ಟಿ ಹಾಕಿದ ಮೇಲೂ ಏಳಲು ಆಗದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಮುಂದೂಡಿದಷ್ಟು ದಿನ ಆ ಪ್ರಶ್ನೆಗೆ ಉತ್ತರ ಬರುವುದಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ಇನ್ನು ದಾರಿಯಿರಲಿಲ್ಲ. ಮಗಳು ಹನ್ನೊಂದಕ್ಕೆ ಬರುವವಳು. ತಿಂಡಿ ಮುಗಿಸಿ, ನಮ್ಮವರನ್ನು ಕುರ್ಚಿಯಲ್ಲಿ ಕೂರಿಸಿ, ಸ್ಕ್ರೂಡ್ರೈವರ್ ಹಿಡಿದು ಸೋಫಾದ ಹಿಂದೆ ಮಂಡಿಯೂರಿದೆ. ಅವರ ಮುಖ ಕಾಣುತ್ತಿರಲಿಲ್ಲ, ಅದು ಅನುಕೂಲವೇ ಆಯಿತು. ಅಲ್ಲಿಂದಲೇ ಎಲ್ಲ ಹೇಳಿಬಿಟ್ಟೆ. ಮೇಡಂ ಹೊಗಳಿದ್ದು, ಮಾಲೀಕರು ಹೊಗಳಿದ್ದು, ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡದ್ದು, ಶುಕ್ರವಾರ ಬಂದ ಉತ್ತರ.

ಕುರ್ಚಿಯ ಕಾಲು ನೆಲಕ್ಕೆ ಟಕಟಕ ತಾಗುವ ಸದ್ದು ಮಾತ್ರ, ಅವರ ನಡುಕದ್ದು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಹಾಗಾದ್ರೆ ಮೂರು ದಿನ ನಾನು ಡೆನ್ಮಾರ್ಕಿನವನಾಗಿದ್ದೆ ಅನ್ನು," ಎಂದರು.

ನಾನು ಸೋಫಾದ ಹಿಂದಿನಿಂದ ತಲೆ ಎತ್ತಿ ನೋಡಿದೆ. ಅವರು ನಗುತ್ತಿದ್ದರು. ಆ ಕಾಯಿಲೆ ಮುಖವನ್ನೂ ಬಿಗಿಯಾಗಿಸುತ್ತದೆ, ನಗು ಪೂರ್ತಿ ಹೊರಗೆ ಬರುವುದಿಲ್ಲ. ಮೂವತ್ತೆಂಟು ವರ್ಷ ಜೊತೆಗಿದ್ದವಳಿಗೆ ಅಷ್ಟು ಸಾಕು. ನನಗೆ ಅಳು ಬಂತು. ಸ್ಕ್ರೂ ಕೈಯಿಂದ ಜಾರಿ ಎಲ್ಲೋ ಉರುಳಿಹೋಯಿತು, ಹುಡುಕುವ ನೆಪದಲ್ಲಿ ನೆಲಕ್ಕೆ ಬಗ್ಗಿ ಅತ್ತೆ.

"ಪಾಲಿಶ್ ಬಗ್ಗೆ ಏನಂದ್ಲು?" ಎಂದು ಕೇಳಿದರು.

"ಕಾಣದ ಜಾಗಕ್ಕೂ ಪಾಲಿಶ್, ಇಂಥ ಕೈ ಈಗ ಎಲ್ಲಿದೆ ಅಂದ್ಲು."

"ನೀನು ಆವತ್ತು ಬೈದಿದ್ದೆ."

"ಬೈದಿದ್ದೆ."

ಮೂರು ಪಟ್ಟಿ ಇಟ್ಟು ಆಸನ ಕೂರಿಸಿದೆ. ಅವರನ್ನು ಕುರ್ಚಿಯಿಂದ ಎಬ್ಬಿಸಿ ತಂದು ಕೂರಿಸಿದೆ. ಬಾಗಿದರು. ಅರ್ಧಕ್ಕೆ ಬಂದು ಹಿಂದಕ್ಕೆ ಬಿದ್ದರು. ಇನ್ನೊಮ್ಮೆ. ಆಗಲಿಲ್ಲ. ಗಡಿಯಾರ ಹತ್ತು ತೋರಿಸುತ್ತಿತ್ತು.

"ಹೊಸ ಫೋಮು ಮೆತ್ತಗಿದೆ," ಎಂದರು. "ಅದಕ್ಕೊಂದು ಹಾಕು."

ಎಬ್ಬಿಸಿದೆ, ಕುರ್ಚಿಗೆ ಕೂರಿಸಿದೆ, ನಾಲ್ಕನೆಯದು ಹಾಕಿದೆ, ಮತ್ತೆ ತಂದು ಕೂರಿಸಿದೆ. ನನ್ನ ಸೊಂಟ ಬೇಡ ಬೇಡ ಎನ್ನುತ್ತಿತ್ತು. ಈ ಸಲ ಎದ್ದರು, ಆದರೆ ಎರಡೂ ಕೈಯಿಂದ ಸೋಫಾದ ಕೈಮರ ಒತ್ತಿ, ಹಲ್ಲು ಕಚ್ಚಿ. ನಿಂತ ಮೇಲೆ ಮುಂದಕ್ಕೆ ಮುಗ್ಗರಿಸಿದರು, ನಾನು ಹಿಡಿದುಕೊಂಡೆ. ಇಷ್ಟು ಸಾಕು ಎಂದೆ.

"ಸಾಲದು. ಮಗಳು ನೋಡೋದೇ ಇದನ್ನ," ಎಂದರು. "ಇನ್ನೊಂದು ಹಾಕು."

ಈ ಪಟ್ಟಿ ಯಾವುದರ ಲೆಕ್ಕಕ್ಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಐದನೆಯದು ಹಾಕಿದೆ. ಅವರು ಕೂತರು. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡರು, ಅವು ಅಲ್ಲೇ ನಡುಗುತ್ತಿದ್ದವು. ಬಾಗಿದರು, ಎದ್ದರು, ನಿಂತರು. ಬಚ್ಚಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದರು. ನಾನು ಹಿಡಿಯಲಿಲ್ಲ.

"ಇಲ್ಲಿಗೆ ನಿಲ್ಸು," ಎಂದರು.

ನಾನು ಸ್ಕ್ರೂ ಬಿಗಿದು, ಬೆವರು ಒರೆಸಿಕೊಳ್ಳುತ್ತಾ ನೆಲದ ಮೇಲೇ ಕೂತೆ. ಎಂಬತ್ತು ದಾಟಿದ ನಮ್ಮತ್ತೆಗೆ ಮೂರು ಸಾಕಾಗಿತ್ತು. ಅರವತ್ತನಾಲ್ಕರ ಅವರ ಮಗನಿಗೆ ಐದು. ನಮ್ಮವರು ಚೌಕಟ್ಟು ಕಟ್ಟಿದವರು, ಎಣಿಸಲು ಬಾರದವರಲ್ಲ. ಮತ್ತೆ ಸೋಫಾದ ಮೇಲೆ ಕೂತು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು.

"ಆರನೇದೂ ಒಂದು ಕತ್ತರಿಸಿ ಇಟ್ಕೊಂಡಿರು. ಬೇಕಾಗತ್ತೆ."

ಸುಳ್ಳು ಹೇಳಬಹುದಿತ್ತು. ಬೇಡ ಬಿಡಿ, ಐದೇ ಸಾಕು ಎನ್ನಬಹುದಿತ್ತು. ಆದರೆ ಬಾಯಿ ಮುಚ್ಚಿಕೊಂಡದ್ದರಿಂದ ಆದ ಅನಾಹುತ ಎದುರಿಗೇ ಇತ್ತು. "ಚೀಲದಲ್ಲಿದೆ," ಎಂದೆ.

"ಆರು ತಂದಿದೀಯಾ?"

"ಹತ್ತು."

ಅವರು ನನ್ನನ್ನೇ ನೋಡಿದರು. ಗುರುವಾರ ಗರಗಸದ ಅಣ್ಣ ನೋಡಿದ ಹಾಗೆಯೇ. ನಾನು ಕಣ್ಣು ತಪ್ಪಿಸಲಿಲ್ಲ.

"ಹತ್ತು ಹಾಕಿದ್ರೆ ಜಾರುಬಂಡೆ ಆಗತ್ತೆ ಕಣೇ," ಎಂದರು. "ಕೂತವನು ಸೀದಾ ನೆಲಕ್ಕೆ."

"ಆಗ ನಾನು ಕೆಳಗೆ ಕೂತಿರ್ತೀನಿ," ಎಂದೆ.

ಅದಕ್ಕೆ ಅವರು ನಕ್ಕರು, ನಾನೂ ನಕ್ಕೆ. ಉಳಿದ ಐದು ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಮಗಳ ಕಣ್ಣಿಗೆ ಬೀಳದ ಹಾಗೆ ಮಂಚದ ಕೆಳಗೆ ತಳ್ಳಿದೆ.

ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿರುವಾಗ ಬಾಗಿಲ ಗಂಟೆ ಹೊಡೆಯಿತು. ನಾನು ನೆಲಕ್ಕೆ ಕೈ ಊರಿ ಏಳಲು ಹೋದೆ.

"ಬಾ, ನೀನಿಲ್ಲಿ ಕೂತ್ಕೊ. ನಾನು ತೆಗೀತೀನಿ," ಎಂದರು.

ಎದ್ದರು. ಕೈ ಊರಲಿಲ್ಲ. ನಾನು ಅವರ ಜಾಗದಲ್ಲಿ ಕೂತೆ. ಇಪ್ಪತ್ತು ವರ್ಷದಿಂದ ಮನೆಯಲ್ಲಿದ್ದ ಸೋಫಾ, ನಾನು ಅದರ ಮೇಲೆ ಸರಿಯಾಗಿ ಕೂತದ್ದೇ ಕಡಿಮೆ. ಫೋಮು ಮೆತ್ತಗಿತ್ತು. ಬೆನ್ನು ದಿಂಬಿಗೆ ತಾಗಿದ ಕೂಡಲೇ ಮೈಯ ಗಂಟುಗಳೆಲ್ಲ ಸಡಿಲವಾದವು. ಎದುರಿಗೆ ನಮ್ಮವರು ಬಾಗಿಲ ಕಡೆಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹೋಗುತ್ತಿದ್ದರು. ನಾನಾಗಿದ್ದರೆ ಎಂಟು ಹೆಜ್ಜೆ, ಅವರಿಗೆ ಇಪ್ಪತ್ತು. ಮಧ್ಯದಲ್ಲಿ ಒಮ್ಮೆ ನಿಂತು ಗೋಡೆ ಹಿಡಿದರು, ಮತ್ತೆ ಹೊರಟರು.

ಬಾಗಿಲ ಗಂಟೆ ಎರಡನೆಯ ಸಲ ಹೊಡೆಯಿತು. ನಾನು ಏಳಲಿಲ್ಲ.